ಫೊಂಟಾನಾ, ಬುರ್ರಿ, ಕಾಸ್ತೆಲ್ಲಾನಿ: ಬೆಳಕನ್ನೇ ಸಾಮಗ್ರಿ ಮಾಡಿಕೊಂಡ ಇಟಲಿಯ ಕಲಾವಿದರ ಬಗ್ಗೆ ಮಾತಾಡೋಣ

ರಂಗದೀಪ (ಮೈಸೂರು)

ನಾನು ನಾಟಕಗಳಿಗೆ ಬೆಳಕಿನ ಕೆಲಸ ಮಾಡುತ್ತೇನೆ. ಮುಂದಿನ ವರ್ಷ ಇಟಲಿಗೆ ಹೋಗುವ ಅವಕಾಶ ಇದೆ. ಹಳೆಯ ಚರ್ಚು, ಅರಮನೆಗಳ ಪಟ್ಟಿ ಎಲ್ಲರ ಹತ್ತಿರವೂ ಸಿಗುತ್ತದೆ. ನನಗೆ ಬೇಕಿರುವುದು ಎರಡನೇ ಮಹಾಯುದ್ಧದ ನಂತರದವರು. ಲೂಚೊ ಫೊಂಟಾನಾ, ಆಲ್ಬೆರ್ತೊ ಬುರ್ರಿ, ಎನ್ರಿಕೊ ಕಾಸ್ತೆಲ್ಲಾನಿ, ಮತ್ತೆ ಅವರ ಸುತ್ತಮುತ್ತ ಕೆಲಸ ಮಾಡಿದವರು.

ನನ್ನ ಆಸಕ್ತಿ ಶುರುವಾದದ್ದು ಒಂದು ಕೋಣೆಯ ಬಗ್ಗೆ ಓದಿ. 1949ರ ಫೆಬ್ರವರಿಯಲ್ಲಿ ಮಿಲಾನಿನ ನವೀಲ್ಯೊ ಗ್ಯಾಲರಿಯಲ್ಲಿ ಫೊಂಟಾನಾ ಒಂದು ಕೋಣೆಯನ್ನು ಪೂರ್ತಿ ಕತ್ತಲು ಮಾಡಿದ. ಕಾಗದದ ಮುದ್ದೆಯಿಂದ ಮಾಡಿದ ಆಕಾರಗಳನ್ನು ಚಾವಣಿಯಿಂದ ಇಳಿಬಿಟ್ಟ. ಅವಕ್ಕೆ ಫ್ಲೋರೆಸೆಂಟ್ ಬಣ್ಣ ಬಳಿದಿತ್ತು. ನೇರಳಾತೀತ ದೀಪ ಹಾಕಿದರೆ ಆ ಆಕಾರಗಳು ಮಾತ್ರ ಹೊಳೆಯುತ್ತಿದ್ದವು. ಗೋಡೆ ಎಲ್ಲಿ, ನೆಲ ಎಲ್ಲಿ ಗೊತ್ತಾಗುತ್ತಿರಲಿಲ್ಲ. ಕೆಲವೇ ದಿನ ಇದ್ದ ಪ್ರದರ್ಶನ ಅದು. ಮಾರಲು ಅಲ್ಲಿ ಒಂದು ಚಿತ್ರವೂ ಇರಲಿಲ್ಲ.

ನಾವು ರಂಗದ ಮೇಲೆ ಬೆಳಕು ಹಾಕುವುದು ನಟನನ್ನು ತೋರಿಸುವುದಕ್ಕೆ. ಇಲ್ಲಿ ನಟನೇ ಇಲ್ಲ. ಬಂದ ಜನ ಕತ್ತಲಲ್ಲಿ ನಡೆದಾಡುತ್ತಾರೆ, ಅವರೇ ನಾಟಕ. ಯುದ್ಧದಲ್ಲಿ ಬಾಂಬು ಬಿದ್ದು ಅರ್ಧ ಊರು ಪಾಳಾಗಿದ್ದ ಮಿಲಾನಿನಲ್ಲಿ ನಿಂತು ಒಬ್ಬ ಮನುಷ್ಯ ಹೀಗೆ ಯೋಚಿಸಿದ ಅನ್ನುವುದು ನನಗೆ ದೊಡ್ಡ ವಿಷಯ.

ಪುಸ್ತಕದಲ್ಲಿ ಇವರ ಫೋಟೊಗಳನ್ನು ತುಂಬಾ ನೋಡಿದ್ದೇನೆ. ಆದರೆ ಫೋಟೊದಲ್ಲಿ ಇರುವುದು ಆ ದಿನ ಆ ಫೋಟೊಗ್ರಾಫರ್ ಹಾಕಿದ ಬೆಳಕು, ಅಲ್ವಾ? ಹಾಗಾಗಿ ಕೇಳುತ್ತಿದ್ದೇನೆ. ಕಣ್ಣಾರೆ ನೋಡಲೇಬೇಕಾದವು ಯಾವುವು? ಎಲ್ಲಿವೆ? ಯಾವ ಹೊತ್ತಿನಲ್ಲಿ ನೋಡಬೇಕು?

ಮಿಲಾನಿನ ಹುಡುಗಿ

ನಾನು ಇಲ್ಲಿ ಡಿಸೈನ್ ಓದಲು ಬಂದು ಈಗ ಕೆಲಸದಲ್ಲಿದ್ದೇನೆ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ ಸರ್. ಸಂಜೆ ಹೋಗಿ.

ಮಿಲಾನಿನ ದೊಡ್ಡ ಕೆಥೆಡ್ರಲ್ ಪಕ್ಕದಲ್ಲೇ ನೊವೆಚೆಂತೊ ಮ್ಯೂಸಿಯಂ ಇದೆ. 2010ರಲ್ಲಿ ತೆರೆದದ್ದು. ಮೇಲಿನ ಅಂತಸ್ತಿನಲ್ಲಿ ಫೊಂಟಾನಾಗೆ ಒಂದು ಹಜಾರವನ್ನೇ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಚಾವಣಿಯಿಂದ ನಿಯಾನ್ ಕೊಳವೆ ತೂಗುತ್ತದೆ. ಒಂದೇ ಗೆರೆ ಸುತ್ತಿ ಸುತ್ತಿ ಗಾಳಿಯಲ್ಲಿ ಗೀಚಿದ ಹಾಗೆ. ಕೊಳವೆಯ ಉದ್ದ ಸುಮಾರು 100 ಮೀಟರ್. ಮೂಲ ಕೃತಿ 1951ರ ಮಿಲಾನ್ ತ್ರಿಯೆನ್ನಾಲೆ ಅನ್ನುವ ದೊಡ್ಡ ವಿನ್ಯಾಸ ಪ್ರದರ್ಶನದ್ದು. ಅಲ್ಲಿನ ದೊಡ್ಡ ಮೆಟ್ಟಿಲಿನ ಮೇಲೆ ತೂಗುಹಾಕಿದ್ದರು. ಅದು ಉಳಿದಿಲ್ಲ. ಈಗಿರುವುದು ಮತ್ತೆ ಕಟ್ಟಿದ್ದು.

ಹಗಲು ನೋಡಿದರೆ ಅದು ಒಂದು ಬಿಳಿ ಕೊಳವೆ. ಕತ್ತಲಾಗುತ್ತಾ ಬಂದಂತೆ ಹಜಾರದ ಗಾಜಿನಲ್ಲಿ ಅದರ ಪ್ರತಿಬಿಂಬ ಮೂಡುತ್ತದೆ. ಆ ಪ್ರತಿಬಿಂಬದ ಹಿಂದೆ ಕೆಥೆಡ್ರಲ್ಲಿನ ಗೋಪುರಗಳು ಕಾಣುತ್ತವೆ. ಕೆಳಗೆ ಚೌಕದಲ್ಲಿ ನಿಂತವರಿಗೂ ಗಾಜಿನ ಆಚೆ ಈ ಗೆರೆ ಕಾಣುತ್ತದೆ. ಮ್ಯೂಸಿಯಂಗೆ ಯಾವತ್ತೂ ಕಾಲಿಡದವರೂ ದಿನಾ ನೋಡುವ ಕೃತಿ ಅದು. ನನಗೆ ಈ ಊರಿನಲ್ಲಿ ತುಂಬಾ ಇಷ್ಟವಾದ ವಿಷಯಗಳಲ್ಲಿ ಇದೂ ಒಂದು.

ಅದೇ ಹಜಾರದಲ್ಲಿ ತಲೆ ಎತ್ತಿ ನೋಡಿ. ಎಲ್ಬಾ ದ್ವೀಪದ ಒಂದು ಹೋಟೆಲಿಗೆ ಫೊಂಟಾನಾ 1956ರಲ್ಲಿ ಮಾಡಿಕೊಟ್ಟಿದ್ದ ಚಾವಣಿಯನ್ನು ತಂದು ಕೂರಿಸಿದ್ದಾರೆ. ಜನ ನಿಯಾನ್ ನೋಡಿ ಇದನ್ನು ಬಿಟ್ಟು ಹೋಗುತ್ತಾರೆ.

ನೀವು ಹೇಳಿದ 1949ರ ಕೋಣೆ ಶಾಶ್ವತವಾಗಿ ಎಲ್ಲೂ ಇಲ್ಲ. ಆದರೆ 2017ರಲ್ಲಿ ಇಲ್ಲಿನ ಹ್ಯಾಂಗರ್‌ಬಿಕೊಕ್ಕಾ ಅನ್ನುವ ಹಳೆಯ ಕಾರ್ಖಾನೆಯಲ್ಲಿ ಫೊಂಟಾನಾ ಮಾಡಿದ್ದ ಕೋಣೆಗಳನ್ನು ಒಂದಾದ ಮೇಲೊಂದರಂತೆ ಮತ್ತೆ ಕಟ್ಟಿ ತೋರಿಸಿದ್ದರು. ಅಂಥ ಪ್ರದರ್ಶನ ಮತ್ತೆ ಬಂದರೆ ಬಿಡಬೇಡಿ.

ಚೌಕಟ್ಟಿನಂಗಡಿ (ಹುಬ್ಬಳ್ಳಿ)

ನಮ್ಮದು ಫ್ರೇಮ್ ಹಾಕುವ ಅಂಗಡಿ. ಕ್ಯಾನ್ವಾಸ್ ಬಿಗಿದು ಕೊಡುವುದು ನನ್ನ ಕೆಲಸ. ಫೊಂಟಾನಾ ಚಾಕುವಿನಿಂದ ಕೊಯ್ದು ಅದನ್ನೇ ಕೃತಿ ಮಾಡಿದ ಕ್ಯಾನ್ವಾಸ್ ನೋಡಿದಾಗಿನಿಂದ ಒಂದು ಸಂಶಯ ಉಳಿದಿದೆ. ಬಿಗಿದ ಬಟ್ಟೆಗೆ ಬ್ಲೇಡು ಹಾಕಿದರೆ ಎರಡೂ ಅಂಚು ಸಡಿಲವಾಗುತ್ತವೆ. ಸ್ವಲ್ಪ ದಿನಕ್ಕೆ ಜೋತು ಬೀಳುತ್ತವೆ. ಬಿಗಿತ ಹೋದ ಮೇಲೆ ಇಡೀ ಬಟ್ಟೆ ಸುಕ್ಕಾಗುತ್ತದೆ. ಆತನ ಕೃತಿಗಳಲ್ಲಿ ಅಂಚು ಚೆಂದವಾಗಿ ಒಳಗೆ ಬಾಗಿ ಹಾಗೇ ನಿಂತಿದೆ. ಅರವತ್ತು ವರ್ಷದ ಮೇಲೂ ನಿಂತಿದೆ. ಹೇಗೆ? ಕಲೆಯ ವಿಚಾರ ಆಮೇಲೆ, ಮೊದಲು ಇದನ್ನು ಯಾರಾದರೂ ಹೇಳಿ.

ಡ್ರಾಯಿಂಗ್ ಮೇಷ್ಟ್ರು (ದಾವಣಗೆರೆ)

ನಿಮ್ಮ ಪ್ರಶ್ನೆಯನ್ನು ಕಲಾಶಾಲೆಯಲ್ಲಿ ಯಾರೂ ಕೇಳುವುದಿಲ್ಲ, ನೀವು ಕೇಳಿದಿರಿ. ಸಂತೋಷ.

ಫೊಂಟಾನಾ ಕ್ಯಾನ್ವಾಸಿಗೆ ನೀರಿನಲ್ಲಿ ಕಲಸುವ ಬಣ್ಣ ಬಳಿಯುತ್ತಿದ್ದರು. ಕುಂಚದ ಗುರುತು ಕಾಣದ ಹಾಗೆ ಪದರದ ಮೇಲೆ ಪದರ. ಅದು ಪೂರ್ತಿ ಒಣಗುವ ಮುಂಚೆ, ಬಟ್ಟೆಯಲ್ಲಿ ಇನ್ನೂ ತೇವ ಇರುವಾಗ ಕೊಯ್ಯುತ್ತಿದ್ದರು. ಸಾಮಾನ್ಯ ಕಟ್ಟರ್ ಚಾಕು. ಮೇಲಿನಿಂದ ಕೆಳಕ್ಕೆ ಒಂದೇ ಎಳೆತ. ಆಮೇಲೆ ಕೈಯಿಂದ ಅಂಚುಗಳನ್ನು ನಿಧಾನಕ್ಕೆ ತೀಡಿ ಬಾಗಿಸುತ್ತಿದ್ದರು. ಒಣಗುವಾಗ ಆ ಬಾಗು ಗಟ್ಟಿಯಾಗುತ್ತದೆ. ಕೊನೆಗೆ ಹಿಂದಿನಿಂದ ಕಪ್ಪು ಜಾಳು ಬಟ್ಟೆಯ ಪಟ್ಟಿ ಅಂಟಿಸುತ್ತಿದ್ದರು. ಆ ಪಟ್ಟಿ ಎರಡು ಕೆಲಸ ಮಾಡುತ್ತದೆ. ಅಂಚನ್ನು ಹಿಡಿದು ನಿಲ್ಲಿಸುತ್ತದೆ. ಮತ್ತೆ ಕೊಯ್ದ ಜಾಗದ ಹಿಂದೆ ಗೋಡೆ ಕಾಣದ ಹಾಗೆ ಮಾಡುತ್ತದೆ.

ಗೋಡೆ ಕಂಡುಬಿಟ್ಟರೆ ಅದು ಹರಿದ ಬಟ್ಟೆ ಅಷ್ಟೇ. ಗೋಡೆ ಕಾಣದಿದ್ದರೆ ಅದು ಆಳ. ಎಷ್ಟು ಆಳ ಅಂತ ಕಣ್ಣಿಗೆ ಹೇಳಲು ಆಗುವುದಿಲ್ಲ. ಹಿಂದಿನ ಚಿತ್ರಕಾರರು ಆಳವನ್ನು ಬಣ್ಣದಲ್ಲಿ ನಂಬಿಸುತ್ತಿದ್ದರು. ದೂರದ ಬೆಟ್ಟ ನೀಲಿ, ಹತ್ತಿರದ ಮರ ಹಸಿರು. ಫೊಂಟಾನಾ ನಂಬಿಸಲು ಹೋಗಲಿಲ್ಲ, ಕ್ಯಾನ್ವಾಸಿನ ಹಿಂದಿರುವ ಜಾಗವನ್ನೇ ತೆರೆದುಕೊಟ್ಟರು.

ಮೊದಲು 1949ರಲ್ಲಿ ತೂತುಗಳು. ಕೊಯ್ತ ಶುರುವಾದದ್ದು 1958ರಲ್ಲಿ, ಆಗ ಅವರ ವಯಸ್ಸು ಅರವತ್ತರ ಹತ್ತಿರ. 1968ರಲ್ಲಿ ತೀರಿಕೊಳ್ಳುವ ತನಕ ಸಾವಿರಕ್ಕೂ ಹೆಚ್ಚು ಕೊಯ್ದ ಕ್ಯಾನ್ವಾಸ್ ಮಾಡಿದರು. ಹಿಂಬದಿಯಲ್ಲಿ ಆ ದಿನದ ಯಾವುದೋ ಸಣ್ಣ ಸಂಗತಿಯನ್ನು ಕೈಬರಹದಲ್ಲಿ ಬರೆದಿಡುವ ಅಭ್ಯಾಸ ಇತ್ತು. ಯಾರೂ ನಕಲು ಮಾಡಬಾರದು ಅಂತ ಹಾಗೆ ಬರೆಯುತ್ತಿದ್ದರು ಅನ್ನುತ್ತಾರೆ.

ಇನ್ನೊಂದು ಮಾತು. ಅವರು ಮೊದಲಿಗೆ ಶಿಲ್ಪಿ. 1899ರಲ್ಲಿ ಅರ್ಜೆಂಟೀನಾದ ರೊಸಾರಿಯೊದಲ್ಲಿ ಹುಟ್ಟಿದ್ದು. ತಂದೆ ಇಟಲಿಯವರು, ಅವರೂ ಶಿಲ್ಪಿ. ಮಣ್ಣಿನಲ್ಲಿ ಕೈ ಆಡಿಸಿದವನಿಗೆ ಮಾತ್ರ ಬಟ್ಟೆಯ ಅಂಚನ್ನು ಹಾಗೆ ತೀಡಲು ಬರುತ್ತದೆ ಅಂತ ನನ್ನ ನಂಬಿಕೆ.

ಚೌಕಟ್ಟಿನಂಗಡಿ

ಸರ್, ಧನ್ಯವಾದ. ತೇವ ಇರುವಾಗ ಕೊಯ್ಯುವುದು ಅಂದಿರಲ್ಲ, ಅಲ್ಲಿಗೆ ಎಲ್ಲಾ ತಿಳಿಯಿತು. ತೇವದ ಬಟ್ಟೆ ಒಣಗುವಾಗ ಬಿಗಿಯುತ್ತದೆ. ಕೊಯ್ದ ಮೇಲೆ ಬಿಗಿದರೆ ಸುಕ್ಕು ಏಳುವುದಿಲ್ಲ. ಆತ ಬಟ್ಟೆಯ ಗುಣ ಚೆನ್ನಾಗಿ ಬಲ್ಲವನು.

ಹೊಸ ಓದುಗ

ನನಗೆ ನಿಜವಾಗಲೂ ಅರ್ಥವಾಗುತ್ತಿಲ್ಲ. ತಪ್ಪು ತಿಳಿಯಬೇಡಿ. ತಂತ್ರ ಕಷ್ಟ ಅಂತ ಒಪ್ಪಿದೆ. ಆದರೆ ಒಂದು ಸಲ ಮಾಡಿದ ಮೇಲೆ ಸಾವಿರ ಸಲ ಯಾಕೆ ಮಾಡಬೇಕು? ಮೊದಲನೆಯದು ಆಲೋಚನೆ. ಉಳಿದದ್ದು ವ್ಯಾಪಾರ ಅಲ್ವಾ?

ಮಿಲಾನಿನ ಹುಡುಗಿ

ಒಳ್ಳೆಯ ಪ್ರಶ್ನೆ. ನಾನು ನೋಡಿದ್ದನ್ನು ಹೇಳುತ್ತೇನೆ. ಒಂದೇ ಕೊಯ್ತ ಇರುವ ಬಿಳಿ ಕ್ಯಾನ್ವಾಸ್ ಬೇರೆ, ಸಾಲಾಗಿ ಕೊಯ್ದ ಕೆಂಪು ಕ್ಯಾನ್ವಾಸ್ ಬೇರೆ. ಮೊದಲನೆಯದರ ಮುಂದೆ ನಿಂತರೆ ಮೌನ. ಎರಡನೆಯದರಲ್ಲಿ ಒಂದು ಲಯ ಇದೆ, ಕಣ್ಣು ಎಡದಿಂದ ಬಲಕ್ಕೆ ನಡೆಯುತ್ತದೆ. ಚಿನ್ನದ ಬಣ್ಣದ್ದು ಮತ್ತೊಂದು ಥರ. ಬೆಳಕನ್ನು ವಾಪಸ್ ನಿಮ್ಮ ಮುಖಕ್ಕೇ ಎಸೆಯುತ್ತದೆ. ಒಂದೇ ರಾಗವನ್ನು ಜೀವನಪೂರ್ತಿ ಹಾಡುವವರನ್ನು ನಾವು ವ್ಯಾಪಾರಿ ಅನ್ನುವುದಿಲ್ಲ.

ಅದೂ ಅಲ್ಲದೆ ಅವರು ಅದಕ್ಕೇ ಅಂಟಿಕೊಳ್ಳಲೂ ಇಲ್ಲ. 1960ರ ಆಸುಪಾಸು ಮಣ್ಣಿನ ದೊಡ್ಡ ಉಂಡೆಗಳನ್ನು ಮಾಡಿ ಸೀಳಿದರು. ನ್ಯೂಯಾರ್ಕ್ ನೋಡಿ ಬಂದು ತಾಮ್ರದ ತಗಡುಗಳನ್ನು ಸೀಳಿದರು. 1963–64ರಲ್ಲಿ ಮೊಟ್ಟೆಯಾಕಾರದ ದೊಡ್ಡ ಕ್ಯಾನ್ವಾಸುಗಳು, ಮೈತುಂಬ ತೂತು. ಅಂಥವು 38 ಇವೆ. ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿಯೆನ್ನಾಲೆಯಲ್ಲಿ, 1966ರಲ್ಲಿ, ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ಜೊತೆ ಸೇರಿ ಪೂರ್ತಿ ಬಿಳಿಯಾದ ಒಂದು ಕೋಣೆ ಮಾಡಿದರು. ಒಳಗೆ ಒಂದೊಂದೇ ಕೊಯ್ತದ ಬಿಳಿ ಕ್ಯಾನ್ವಾಸುಗಳು. ಆ ಸಲ ಬಹುಮಾನವೂ ಬಂತು.

ಫೋಟೊ ಬಗ್ಗೆ ರಂಗದೀಪ ಸರ್ ಹೇಳಿದ್ದಕ್ಕೆ ಒಂದು ಸಂಗತಿ ಸೇರಿಸುತ್ತೇನೆ. ಫೊಂಟಾನಾ ಚಾಕು ಹಿಡಿದು ಕ್ಯಾನ್ವಾಸ್ ಮುಂದೆ ನಿಂತಿರುವ ಕಪ್ಪು-ಬಿಳುಪು ಫೋಟೊಗಳು ತುಂಬಾ ಪ್ರಸಿದ್ಧ. 1964ರಲ್ಲಿ ಫೋಟೊಗ್ರಾಫರ್ ಉಗೊ ಮುಲಾಸ್ ತೆಗೆದದ್ದು. ನೋಡಿದರೆ ಈಗ ಕೊಯ್ಯುತ್ತಿದ್ದಾರೆ ಅನಿಸುತ್ತದೆ. ನಿಜದಲ್ಲಿ ಅದು ಅಭಿನಯ. ಎದುರಿಗೆ ಇನ್ನೊಬ್ಬರು ಇದ್ದರೆ ಅವರಿಗೆ ಕೊಯ್ಯಲು ಆಗುತ್ತಿರಲಿಲ್ಲ. ಮೊದಲು ಕೊಯ್ಯದ ಕ್ಯಾನ್ವಾಸ್ ಮುಂದೆ ನಿಲ್ಲಿಸಿ ತೆಗೆದರು. ಆಮೇಲೆ ಮುಂಚೆಯೇ ಕೊಯ್ದಿದ್ದ ಇನ್ನೊಂದನ್ನು ಇಟ್ಟು ತೆಗೆದರು. ಅಷ್ಟು ಏಕಾಗ್ರತೆ ಬೇಡುವ ಕೆಲಸ ಅದು.

ರಂಗದೀಪ

ಈ ಮುಲಾಸ್ ಸಂಗತಿ ಓದಿ ಖುಷಿಯಾಯಿತು ಮೇಡಂ. ನಟನಾಗಿ ನಿಂತ ಕಲಾವಿದ!

ಈಗ ಕಾಸ್ತೆಲ್ಲಾನಿ ಬಗ್ಗೆ. ನನ್ನ ಕೆಲಸಕ್ಕೆ ತುಂಬಾ ಹತ್ತಿರ ಅನಿಸುವುದು ಈತನೇ. 1930ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ. 1959ರಿಂದ ಹೆಚ್ಚುಕಡಿಮೆ ಒಂದೇ ವಿಧಾನ. ಕ್ಯಾನ್ವಾಸಿನ ಹಿಂದೆ ಮೊಳೆ. ಕೆಲವು ಮೊಳೆ ಬಟ್ಟೆಯನ್ನು ಮುಂದಕ್ಕೆ ನೂಕುತ್ತವೆ. ಕೆಲವು ಕಡೆ ಮುಂದಿನಿಂದ ಹೊಡೆದ ಮೊಳೆ ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತದೆ. ಒಂದು ಉಬ್ಬು, ಒಂದು ತಗ್ಗು. ಇಡೀ ಕ್ಯಾನ್ವಾಸಿಗೆ ಒಂದೇ ಬಣ್ಣ, ಜಾಸ್ತಿ ಬಿಳಿಯೇ. ಅಲ್ಲಿ ಚಿತ್ರ ಬಿಡಿಸುವುದು ಬೆಳಕು.

ನಮ್ಮಲ್ಲಿ ಪಕ್ಕದಿಂದ ಬರುವ ಬೆಳಕು, ಮುಂದಿನಿಂದ ಬರುವ ಬೆಳಕು ಅಂತ ಇದೆ. ಮುಂದಿನಿಂದ ಪೂರ್ತಿ ಬೆಳಕು ಸುರಿದರೆ ಮುಖ ಚಪ್ಪಟೆಯಾಗುತ್ತದೆ. ಪಕ್ಕದಿಂದ ಕೊಟ್ಟರೆ ಮೂಗು, ಕೆನ್ನೆ, ಕಣ್ಣಿನ ಗುಳಿ ಎಲ್ಲಾ ಎದ್ದು ಬರುತ್ತದೆ. ಕಾಸ್ತೆಲ್ಲಾನಿಯ ಬಿಳಿ ಕ್ಯಾನ್ವಾಸಿಗೆ ಮುಂದಿನಿಂದ ದೀಪ ಹಾಕಿದರೆ ಏನೂ ಉಳಿಯುವುದಿಲ್ಲ. ಪಕ್ಕದಿಂದ ಹಾಕಿದರೆ ಪ್ರತಿ ಉಬ್ಬಿಗೂ ಒಂದು ನೆರಳು. ಕಿಟಕಿಯ ಬೆಳಕಿನಲ್ಲಿಟ್ಟರೆ ಬೆಳಿಗ್ಗೆ ಒಂದು ಕೃತಿ, ಸಂಜೆ ಇನ್ನೊಂದು. ಅದನ್ನು ತೂಗುಹಾಕುವವನೂ ಅದರ ಅರ್ಧ ಕರ್ತೃ. ನನ್ನ ವೃತ್ತಿಗೆ ಇಷ್ಟು ಗೌರವ ಕೊಟ್ಟ ಚಿತ್ರಕಾರ ಇನ್ನೊಬ್ಬನಿಲ್ಲ.

ಚೌಕಟ್ಟಿನಂಗಡಿ

ಒಂದು ಮೊಳೆಯ ಎಳೆತ ಪಕ್ಕದ ಮೊಳೆಗೆ ಹೋಗುತ್ತದೆ. ಎಲ್ಲಾ ಮೊಳೆಗೂ ಒಂದೇ ಬಿಗಿ ಬರಬೇಕು. ಇಲ್ಲದಿದ್ದರೆ ಒಂದು ಮೂಲೆ ಹರಿಯುತ್ತದೆ. ಇದನ್ನು ಬಾಯಲ್ಲಿ ಹೇಳುವುದು ಸುಲಭ, ಮಾಡಿದವನಿಗೆ ದೊಡ್ಡ ನಮಸ್ಕಾರ.

ಸ್ನಾತಕೋತ್ತರ ವಿದ್ಯಾರ್ಥಿನಿ (ಬೆಂಗಳೂರು)

ಇಷ್ಟು ಹೊತ್ತು ಬರೀ ಗಂಡಸರ ಹೆಸರೇ ಬಂತು. ನಾನು ಕಲಾ ಇತಿಹಾಸ ಓದುತ್ತಿದ್ದೇನೆ, ಇದನ್ನು ಹೇಳದೆ ಇರಲಾರೆ.

ದಾದಮಾಯಿನೊ ಅಂತ ಒಬ್ಬರಿದ್ದರು, ಮಿಲಾನಿನವರು, 1930ರಿಂದ 2004. 1950ರ ದಶಕದ ಕೊನೆಯಲ್ಲಿ ಕ್ಯಾನ್ವಾಸಿನಿಂದ ದೊಡ್ಡ ದೊಡ್ಡ ಮೊಟ್ಟೆಯಾಕಾರದ ತುಂಡುಗಳನ್ನೇ ಕತ್ತರಿಸಿ ತೆಗೆದುಬಿಟ್ಟರು. ಫೊಂಟಾನಾ ಗೋಡೆ ಕಾಣಬಾರದು ಅಂತ ಕಪ್ಪು ಬಟ್ಟೆ ಅಂಟಿಸಿದರೆ, ಇವರು ಗೋಡೆ ಕಾಣಲಿ ಅಂತ ಬಿಟ್ಟರು. ಕ್ಯಾನ್ವಾಸ್ ಅನ್ನುವುದು ಖಾಲಿ ಜಾಗದ ಸುತ್ತ ಉಳಿದ ಅಂಚು ಮಾತ್ರ. ಗೋಡೆಯ ಮೇಲೆ ಆ ಅಂಚಿನ ನೆರಳು ಬೀಳುತ್ತದೆ. ನನ್ನ ಮಟ್ಟಿಗೆ ಇದು ಫೊಂಟಾನಾಗಿಂತ ದಿಟ್ಟ ಹೆಜ್ಜೆ.

ಕಾರ್ಲಾ ಅಕ್ಕಾರ್ದಿ ಸಿಸಿಲಿಯ ತ್ರಾಪಾನಿಯಲ್ಲಿ ಹುಟ್ಟಿದವರು. 1924ರಿಂದ 2014. 1960ರ ದಶಕದಲ್ಲಿ ಕ್ಯಾನ್ವಾಸ್ ಬಿಟ್ಟು ಸಿಕೊಫಾಯಿಲ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಬಣ್ಣ ಹಾಕಿದರು. ಆ ಹಾಳೆಗಳಿಂದ ಒಂದು ಗುಡಾರವನ್ನೇ ಕಟ್ಟಿದರು, 1965ರಲ್ಲಿ. ಬಣ್ಣ ಯಾವುದೋ ಮೇಲ್ಮೈಯ ಮೇಲೆ ಇದೆ ಅನಿಸುವುದಿಲ್ಲ, ಗಾಳಿಯಲ್ಲಿ ನಿಂತಿದೆ ಅನಿಸುತ್ತದೆ.

ಮಾರಿಸಾ ಮೆರ್ಟ್ಸ್ ತೂರಿನ್‌ನವರು. ತಾಮ್ರದ ತಂತಿಯನ್ನು ಸ್ವೆಟರ್ ಹೆಣೆಯುವ ಹಾಗೆ ಹೆಣೆದರು. 1967ರಲ್ಲಿ ಜೆನೋವಾದಲ್ಲಿ ವಿಮರ್ಶಕ ಜೆರ್ಮಾನೊ ಚೆಲಾಂತ್ 'ಆರ್ತೆ ಪೊವೆರಾ' (ಬಡ ಕಲೆ) ಅಂತ ಹೆಸರಿಟ್ಟು ಒಂದು ಗುಂಪನ್ನು ಕೂಡಿಸಿದರಲ್ಲ, ಆ ಗುಂಪಿನಲ್ಲಿದ್ದ ಒಬ್ಬರೇ ಹೆಂಗಸು ಇವರು. ವೆನಿಸ್ ಬಿಯೆನ್ನಾಲೆ ಜೀವಮಾನದ ಸಾಧನೆಗೆ ಗೋಲ್ಡನ್ ಲಯನ್ ಪ್ರಶಸ್ತಿ ಕೊಟ್ಟದ್ದು 2013ರಲ್ಲಿ. ಆಗ ಅವರಿಗೆ 87 ವರ್ಷ. ಎಷ್ಟು ತಡ ನೋಡಿ.

ಡ್ರಾಯಿಂಗ್ ಮೇಷ್ಟ್ರು

ಸರಿಯಾಗಿ ಹೇಳಿದೆ ಕಣಮ್ಮ. ದಾದಮಾಯಿನೊ ಹೆಸರು ನಮ್ಮ ಪಠ್ಯದಲ್ಲಿ ಬರಲೇ ಇಲ್ಲ.

ಈ ಹಾದಿ ಯುದ್ಧದ ನಂತರ ದಿಢೀರ್ ಅಂತ ಹುಟ್ಟಿದ್ದಲ್ಲ, ಇದಕ್ಕೆ ಹಿಂದೆ ಇಬ್ಬರಿದ್ದಾರೆ. ಒಬ್ಬರು ಮೆದಾರ್ದೊ ರೊಸ್ಸೊ, 1858ರಲ್ಲಿ ಹುಟ್ಟಿದ ಶಿಲ್ಪಿ. ಪ್ಲಾಸ್ಟರಿನ ಮೇಲೆ ಮೇಣ ಹಾಕಿ ಮುಖಗಳನ್ನು ಮಾಡುತ್ತಿದ್ದರು. ಮೇಣದೊಳಕ್ಕೆ ಬೆಳಕು ಸ್ವಲ್ಪ ಇಳಿಯುತ್ತದೆ. ಹಾಗಾಗಿ ಮಗುವಿನ ಮುಖ ಎಲ್ಲಿ ಮುಗಿದು ಗಾಳಿ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ತಮ್ಮ ಶಿಲ್ಪಗಳ ಫೋಟೊಗಳನ್ನೂ ತಾವೇ ತೆಗೆಯುತ್ತಿದ್ದರು. ಯಾವ ಕೋನದಿಂದ, ಯಾವ ಬೆಳಕಿನಲ್ಲಿ ನೋಡಬೇಕು ಅನ್ನುವುದೂ ಶಿಲ್ಪದ ಭಾಗ ಅಂತ ಅವರ ಹಟ.

ಇನ್ನೊಬ್ಬರು ಉಂಬೆರ್ತೊ ಬೊಚ್ಚೋನಿ. 1912ರಲ್ಲೇ ಶಿಲ್ಪದ ಬಗ್ಗೆ ಒಂದು ಪ್ರಣಾಳಿಕೆ ಬರೆದು, ಗಾಜು, ತಂತಿ, ವಿದ್ಯುತ್ ದೀಪ ಎಲ್ಲವೂ ಶಿಲ್ಪದ ಸಾಮಗ್ರಿ ಆಗಬಹುದು ಅಂದರು. ಅವರ ನಡೆಯುವ ಮನುಷ್ಯನ ಶಿಲ್ಪವನ್ನು ಇಟಲಿಯ 20 ಸೆಂಟ್ ಯೂರೊ ನಾಣ್ಯದ ಮೇಲೆ ಅಚ್ಚು ಹಾಕಿದ್ದಾರೆ. ರಂಗದೀಪ ಅವರೇ, ಚಿಲ್ಲರೆ ಸಿಕ್ಕಾಗ ತಿರುಗಿಸಿ ನೋಡಿ.

ಮಿಲಾನಿನ ಹುಡುಗಿ

ಮಿಲಾನಿನಲ್ಲಿ 1959ರಲ್ಲಿ ಶುರುವಾದ ಗ್ರುಪ್ಪೊ ತಿ ಅನ್ನುವ ಕಲಾವಿದರ ಗುಂಪಿನ ಬಗ್ಗೆಯೂ ತಿಳಿದುಕೊಳ್ಳಿ ಸರ್. ಮೋಟರು, ದೀಪ, ಚಲನೆ ಇವರ ಸಾಮಗ್ರಿ. ಅವರಲ್ಲಿ ಜಾನ್ನಿ ಕೊಲೊಂಬೊ 1967ರಲ್ಲಿ ಮಾಡಿದ ಕೋಣೆ ನಿಮಗೆ ಹಿಡಿಸುತ್ತದೆ. ಕತ್ತಲ ಕೋಣೆ. ಫ್ಲೋರೆಸೆಂಟ್ ಎಲಾಸ್ಟಿಕ್ ದಾರಗಳು ಉದ್ದಕ್ಕೂ ಅಡ್ಡಕ್ಕೂ ಕಟ್ಟಿವೆ. ನೇರಳಾತೀತ ಬೆಳಕಿನಲ್ಲಿ ಆ ಚೌಕುಳಿ ಮಾತ್ರ ಕಾಣುತ್ತದೆ. ಮೋಟರುಗಳು ದಾರವನ್ನು ನಿಧಾನಕ್ಕೆ ಎಳೆಯುತ್ತವೆ. ಕೋಣೆಯೇ ಉಸಿರಾಡಿದ ಹಾಗೆ ಆಗುತ್ತದೆ. ಕಾಲ ಕೆಳಗಿನ ನೆಲ ಗಟ್ಟಿ ಇದೆಯಾ ಅಂತ ಸಂಶಯ ಬರುತ್ತದೆ. 1968ರ ವೆನಿಸ್ ಬಿಯೆನ್ನಾಲೆಯಲ್ಲಿ ಬಹುಮಾನ ಬಂದದ್ದು ಇದಕ್ಕೇ. ನಿಮ್ಮ 1949ರ ಕೋಣೆಯ ನೇರ ವಂಶ ಅನ್ನಬಹುದು.

ತೂರಿನ್‌ಗೆ ಹೋದರೆ ಮೋಲೆ ಆಂತೊನೆಲ್ಲಿಯಾನಾ ಕಟ್ಟಡದ ಗುಮ್ಮಟದ ಮೇಲೆ ರಾತ್ರಿ ಕೆಂಪು ನಿಯಾನ್ ಅಂಕಿಗಳು ಕಾಣುತ್ತವೆ. ಮಾರಿಸಾ ಅವರ ಗಂಡ, ಕಲಾವಿದ ಮಾರಿಯೊ ಮೆರ್ಟ್ಸ್ ಅವರದು. 1, 1, 2, 3, 5, 8 ಅಂತ, ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಫಿಬೊನಾಚ್ಚಿ ಸಾಲು ಮೇಲಕ್ಕೆ ಹತ್ತುತ್ತದೆ.

ಕಾಂಕ್ರೀಟ್ ಕೆಲಸ (ಕಲಬುರಗಿ)

ನಾನು ಸಿವಿಲ್ ಇಂಜಿನಿಯರ್. ಬುರ್ರಿ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ, ಅದಕ್ಕೆ ಬಂದೆ.

ಈತ ಡಾಕ್ಟರು. 1915ರಲ್ಲಿ ಉಂಬ್ರಿಯಾದ ಚಿತ್ತಾ ದಿ ಕಾಸ್ತೆಲ್ಲೊದಲ್ಲಿ ಹುಟ್ಟಿದ್ದು. ಸೈನ್ಯದಲ್ಲಿ ವೈದ್ಯನಾಗಿದ್ದಾಗ 1943ರಲ್ಲಿ ಟುನೀಸಿಯಾದಲ್ಲಿ ಸೆರೆ ಸಿಕ್ಕ. ಅಮೆರಿಕದ ಟೆಕ್ಸಾಸ್‌ನ ಹಿಯರ್‌ಫರ್ಡ್ ಯುದ್ಧಕೈದಿಗಳ ಶಿಬಿರದಲ್ಲಿಟ್ಟರು. ಚಿತ್ರ ಮಾಡಲು ಶುರು ಮಾಡಿದ್ದು ಅಲ್ಲೇ. 1946ರಲ್ಲಿ ವಾಪಸ್ ಬಂದ ಮೇಲೆ ಡಾಕ್ಟರಿಕೆಗೆ ಮರಳಲೇ ಇಲ್ಲ. ಹಳೆಯ ಗೋಣಿಚೀಲಗಳನ್ನು ಚೌಕಟ್ಟಿಗೆ ಬಿಗಿದು, ಹರಿದಲ್ಲಿ ಹೊಲಿದು, ತೂತಿನ ಹಿಂದೆ ಕೆಂಪು ಬಣ್ಣ ಇಟ್ಟ. ಗಾಯಕ್ಕೆ ಹೊಲಿಗೆ ಹಾಕಿದ ಕೈ ಅದು ಅಂತ ಎಲ್ಲರೂ ಬರೆಯುತ್ತಾರೆ. ಬುರ್ರಿ ಮಾತ್ರ ತನ್ನ ಕೆಲಸಕ್ಕೆ ಹೀಗೆ ಅರ್ಥ ಹಚ್ಚುವುದನ್ನು ಒಪ್ಪುತ್ತಿರಲಿಲ್ಲ. ಆಮೇಲೆ ಮರ ಸುಟ್ಟ, ಕಬ್ಬಿಣದ ತಗಡು ಬೆಸುಗೆ ಹಾಕಿದ, ಪಾರದರ್ಶಕ ಪ್ಲಾಸ್ಟಿಕ್ಕಿಗೆ ಗ್ಯಾಸ್ ಟಾರ್ಚ್ ಹಿಡಿದ. ಕರಗಿ ತೂತಾದ ಪ್ಲಾಸ್ಟಿಕ್ ಮೂಲಕ ಬೆಳಕು ಹಾಯುತ್ತದೆ.

ನನಗೆ ಹಿಡಿಸುವುದು 1970ರ ದಶಕದ ಬಿರುಕು ಕೆಲಸಗಳು. ಕ್ರೆತ್ತೊ ಅನ್ನುತ್ತಾರೆ. ಬಿಳಿ ಜೇಡಿ, ಜಿಂಕ್ ವೈಟ್, ಫೆವಿಕಾಲ್ ಥರದ ಅಂಟು ಕಲಸಿ ದಪ್ಪಗೆ ಬಳಿಯುವುದು. ಒಣಗುವಾಗ ಅದು ಬತ್ತಿದ ಕೆರೆಯ ತಳದ ಹಾಗೆ ಬಿರಿಯುತ್ತದೆ. ದಪ್ಪ ಇದ್ದಲ್ಲಿ ದೊಡ್ಡ ಬಿರುಕು, ತೆಳು ಇದ್ದಲ್ಲಿ ಸಣ್ಣ ಬಿರುಕು. ನಾವು ಇಂಜಿನಿಯರುಗಳು ಜೀವನಪೂರ್ತಿ ಬಿರುಕು ಬರದ ಹಾಗೆ ನೋಡಿಕೊಳ್ಳುತ್ತೇವೆ. ಈತ ಎಲ್ಲಿ ಎಷ್ಟು ಬಿರಿಯಬೇಕು ಅಂತ ಪದರದ ದಪ್ಪದಲ್ಲೇ ತೀರ್ಮಾನಿಸಿದ. ಆಮೇಲೆ ಅಂಟು ಹಾಕಿ ಅದನ್ನು ಅಲ್ಲಿಗೇ ನಿಲ್ಲಿಸಿದ.

ಇದೇ ಆಲೋಚನೆ ಒಂದು ಇಡೀ ಊರಿನ ಮೇಲೆ ಬಂತು. 1968ರ ಜನವರಿಯಲ್ಲಿ ಸಿಸಿಲಿಯ ಬೆಲೀಚೆ ಕಣಿವೆಯಲ್ಲಿ ಭೂಕಂಪ ಆಯಿತು. ಜಿಬೆಲ್ಲಿನಾ ಊರು ನೆಲಸಮವಾಯಿತು. ಹೊಸ ಊರನ್ನು ದೂರದಲ್ಲಿ ಬಯಲಿನಲ್ಲಿ ಕಟ್ಟಿದರು. ಮೇಯರ್ ಲುದೊವಿಕೊ ಕೊರ್ರಾವೊ ಆ ಹೊಸ ಊರಿಗೆ ಏನಾದರೂ ಮಾಡಿ ಅಂತ ಕಲಾವಿದರನ್ನೆಲ್ಲ ಕರೆದರು. ಬುರ್ರಿ ಬಂದು ಹೊಸ ಊರು ನೋಡಿ, ಇಲ್ಲಿ ನನಗೆ ಕೆಲಸ ಇಲ್ಲ ಅಂದ. ಹಳೆಯ ಊರಿನ ಅವಶೇಷಕ್ಕೆ ಕರೆದುಕೊಂಡು ಹೋದ ಮೇಲೆ ಅವನಿಗೆ ದಾರಿ ಸಿಕ್ಕಿತು. ಬಿದ್ದ ಮನೆಗಳ ಕಲ್ಲುಮಣ್ಣನ್ನೆಲ್ಲ ದಿಮ್ಮಿಗಳಾಗಿ ಕೂಡಿಸಿ, ಮೇಲೆ ಬಿಳಿ ಸಿಮೆಂಟ್ ಹಾಕಿದರು. ಎತ್ತರ ಸುಮಾರು 1.6 ಮೀಟರ್. ನಡುವೆ ಬಿಟ್ಟ ಸೀಳುಗಳು ಬಹುಮಟ್ಟಿಗೆ ಹಳೆಯ ಬೀದಿಗಳದೇ ಜಾಡು. ಒಟ್ಟು 80,000 ಚದರ ಮೀಟರಿಗೂ ಜಾಸ್ತಿ, ಅಂದರೆ 20 ಎಕರೆ. 1980ರ ದಶಕದ ನಡುವೆ ಶುರುವಾದ ಕೆಲಸ 1989ಕ್ಕೆ ನಿಂತುಹೋಯಿತು. ಬುರ್ರಿ 1995ರಲ್ಲಿ ತೀರಿಕೊಂಡ. ಉಳಿದ ಭಾಗ ಮುಗಿದದ್ದು 2015ರಲ್ಲಿ.

ರಂಗದೀಪ ಅವರೇ, ಒಂದೇ ಒಂದು ಜಾಗ ನೋಡುವುದಾದರೆ ಇದನ್ನು ನೋಡಿ.

ಹಿನ್ನೀರು

ಈ ಚರ್ಚೆಯನ್ನು ಸುಮ್ನೆ ಓದುತ್ತಿದ್ದೆ. ಈಗ ಬರೆಯಬೇಕು ಅನಿಸಿತು.

ನಮ್ಮ ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಗುಡಿಯ ಗೋಡೆ, ಕೆಲವು ಮನೆಗಳ ಪಾಯ ಕಾಣುತ್ತವೆ. ನಮ್ಮ ಅವ್ವ ಇದ್ದಾಗ ಆ ಪಾಯ ನೋಡಿ ಇದು ಯಾರ ಮನೆ, ಅದು ಯಾರ ಹಿತ್ತಲು ಅಂತ ಹೇಳುತ್ತಿದ್ದರು. ಯಾರೋ ದೊಡ್ಡ ಕಲಾವಿದ ಬಂದು ಅದರ ಮೇಲೆ ಸಿಮೆಂಟ್ ಸುರಿದು ಸ್ಮಾರಕ ಅಂದಿದ್ದರೆ ನಮಗೆ ಹೇಗೆ ಆಗುತ್ತಿತ್ತು? ಜಿಬೆಲ್ಲಿನಾದ ಜನರಿಗೆ ಆ ಕಲ್ಲುಮಣ್ಣಿನಲ್ಲಿ ಒಂದು ಒಲೆ, ಒಂದು ಬಾಗಿಲ ಚೌಕಟ್ಟು ಗುರುತಿಸುವ ಹಕ್ಕು ಇತ್ತಲ್ಲ? ಅದನ್ನೆಲ್ಲ ಒಳಗೆ ಮುಚ್ಚಿ ಮೇಲೆ ಸುಂದರವಾದ ಬಿಳಿ ಮೈ ಮಾಡಿದರು. ಹೊರಗಿನಿಂದ ಬಂದವರಿಗೆ ಅದು ಕಲೆ. ಊರಿನವರಿಗೆ ಅದು ಎರಡನೇ ಸಲ ಊರು ಕಳೆದುಕೊಂಡ ಹಾಗೆ ಅಲ್ವಾ?

ಕಾಂಕ್ರೀಟ್ ಕೆಲಸ

ನಿಮ್ಮ ಮಾತು ಮನಸ್ಸಿಗೆ ತಾಗಿತು. ತಳ್ಳಿಹಾಕುವುದಿಲ್ಲ.

ಆದರೆ ಒಂದು ವಿಷಯ ಯೋಚಿಸಿ. ಬಿದ್ದ ಊರನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ಕಲ್ಲು ಕದ್ದೊಯ್ಯುತ್ತಾರೆ. ಗಿಡ ಬೆಳೆಯುತ್ತದೆ. ಸ್ವಲ್ಪ ವರ್ಷಕ್ಕೆ ಬೀದಿಯ ಗುರುತೂ ಹೋಗುತ್ತದೆ. ಬುರ್ರಿ ಬೀದಿಗಳನ್ನು ಉಳಿಸಿದ. ಜಿಬೆಲ್ಲಿನಾದ ಮುದುಕರೊಬ್ಬರು ಅಲ್ಲಿಗೆ ಹೋದರೆ ತಮ್ಮ ಬೀದಿಯಲ್ಲಿ ನಡೆಯಬಹುದು. ಮನೆ ಇಲ್ಲ. ಆದರೆ ಮನೆಯ ಕಲ್ಲು ಅಲ್ಲೇ ಇದೆ, ಬೇರೆ ಕಡೆ ಸಾಗಿಸಲಿಲ್ಲ.

ಡ್ರಾಯಿಂಗ್ ಮೇಷ್ಟ್ರು

ನಾನು ಹಿನ್ನೀರು ಅವರ ಕಡೆ ಅರ್ಧ ಇದ್ದೇನೆ. ಬುರ್ರಿಯ ಉಳಿದ ಕೃತಿಗಳಲ್ಲಿ ಸಾಮಗ್ರಿ ಯಾರದೂ ಅಲ್ಲ. ಗೋಣಿಚೀಲ ಎಸೆದದ್ದು, ಪ್ಲಾಸ್ಟಿಕ್ ಅಂಗಡಿಯದು. ಜಿಬೆಲ್ಲಿನಾದಲ್ಲಿ ಸಾಮಗ್ರಿ ಇನ್ನೊಬ್ಬರ ಮನೆ. ಕೆಲಸ ಎಷ್ಟೇ ದೊಡ್ಡದಾದರೂ ಈ ವ್ಯತ್ಯಾಸ ಮರೆಯಬಾರದು. ಆದರೂ ಎತ್ತರವನ್ನು ಗಮನಿಸಿ. 1.6 ಮೀಟರ್. ಒಳಗೆ ನಡೆಯುವ ದೊಡ್ಡವರ ಕಣ್ಣಿನ ಮಟ್ಟದ ಹತ್ತಿರ ಬರುತ್ತದೆ. ಎತ್ತರದವರಿಗೆ ಅದರ ಮೇಲಿಂದ ಬೆಟ್ಟ ಕಾಣುತ್ತದೆ. ಮಕ್ಕಳು ಮುಳುಗಿಹೋಗುತ್ತಾರೆ. ಹೀಗೆ ಅಳೆದವನು ಊರಿನ ಮೇಲೆ ಮೆರೆಯಲು ಬಂದವನಲ್ಲ.

ಹಿನ್ನೀರು

ಎತ್ತರದ ಬಗ್ಗೆ ಹೇಳಿದ್ದು ಒಪ್ಪುತ್ತೇನೆ ಸರ್. ಒಲೆಯ ಬಗ್ಗೆ ನನ್ನ ಮಾತು ಹಾಗೇ ಇದೆ. ಊರಿನವರನ್ನು ಕೇಳಿ ಮಾಡಿದ್ದರೆ, ಒಂದು ಮನೆಯನ್ನಾದರೂ ಮುಚ್ಚದೆ ಬಿಡಿ ಅಂತ ಯಾರಾದರೂ ಹೇಳಿರುತ್ತಿದ್ದರು.

ರಂಗದೀಪ

ನಿಮ್ಮಿಬ್ಬರ ಮಾತೂ ತಲೆಯಲ್ಲಿಟ್ಟುಕೊಂಡೇ ಅಲ್ಲಿಗೆ ಹೋಗುತ್ತೇನೆ. ಸಿಸಿಲಿ ಪಟ್ಟಿಗೆ ಸೇರಿತು.

ಒಂದು ತಾಂತ್ರಿಕ ಪ್ರಶ್ನೆ. ಜಿಬೆಲ್ಲಿನಾದ ಫೋಟೊಗಳಲ್ಲಿ 1980ರ ದಶಕದಲ್ಲಿ ಕಟ್ಟಿದ ಭಾಗ ಬೂದು, 2015ರಲ್ಲಿ ಮುಗಿಸಿದ ಭಾಗ ಕಣ್ಣು ಕುಕ್ಕುವ ಬಿಳಿ. ಬುರ್ರಿಗೆ ಬೇಕಿದ್ದದ್ದು ಬಿಳಿ. ಸಿಸಿಲಿಯ ಬಿಸಿಲು ಆ ಬಿಳಿಯ ಮೇಲೆ ಬಿದ್ದಾಗ ಸೀಳುಗಳು ಕಡು ನೆರಳಾಗಬೇಕು. ಬೂದು ಮೈಯಲ್ಲಿ ಆ ವ್ಯತ್ಯಾಸ ಸತ್ತುಹೋಗುತ್ತದೆ. ಹಳೆಯ ಭಾಗವನ್ನು ತೊಳೆಯಬಾರದಾ?

ಮಿಲಾನಿನ ಹುಡುಗಿ

ನಾನು ಹೋಗಿದ್ದೆ ಸರ್. ಮಧ್ಯಾಹ್ನ ಹೊಸ ಭಾಗದಲ್ಲಿ ಕಣ್ಣು ಬಿಡಲು ಆಗುವುದಿಲ್ಲ. ಹಳೆಯ ಭಾಗದಲ್ಲಿ ಹಾಯಾಗಿ ನಡೆಯಬಹುದು, ಕಲ್ಲುಹೂವು ಬೆಳೆದಿದೆ, ಸೀಳಿನಲ್ಲಿ ಹುಲ್ಲು ಎದ್ದಿದೆ. ನನಗೆ ಹಳೆಯದೇ ಇಷ್ಟವಾಯಿತು. ಸಂಜೆ ಸೂರ್ಯ ಇಳಿದಾಗ ಹೋಗಿ, ಎರಡೂ ಭಾಗ ಚೆನ್ನಾಗಿ ಕಾಣುತ್ತವೆ. ಬಸ್ಸು ನಂಬಬೇಡಿ, ಕಾರು ಬೇಕು. ನೀರು, ಟೋಪಿ ಇಟ್ಟುಕೊಳ್ಳಿ. ಅಲ್ಲಿ ಎಲ್ಲೂ ನೆರಳಿಲ್ಲ. ದಾರಿಯಲ್ಲಿ ಹೊಸ ಊರಿನ ಬಾಗಿಲಿನಲ್ಲಿ ಶಿಲ್ಪಿ ಪಿಯೆತ್ರೊ ಕೊನ್ಸಾಗ್ರಾ ಮಾಡಿದ ಉಕ್ಕಿನ ದೊಡ್ಡ ನಕ್ಷತ್ರ ಸಿಗುತ್ತದೆ, ನಿಲ್ಲಿಸಿ ನೋಡಿ.

ಬುರ್ರಿಯ ಚಿಕ್ಕ ಕೃತಿಗಳಿಗೆ ಚಿತ್ತಾ ದಿ ಕಾಸ್ತೆಲ್ಲೊಗೆ ಹೋಗಬೇಕು. ಎರಡು ಕಡೆ ಇವೆ. ಒಂದು ಪಲಾತ್ಸೊ ಆಲ್ಬಿಟ್ಸೀನಿ. ಇನ್ನೊಂದು ಹೊಗೆಸೊಪ್ಪು ಒಣಗಿಸುತ್ತಿದ್ದ ಹಳೆಯ ಶೆಡ್ಡುಗಳು, ಹೊರಗೆಲ್ಲ ಕಪ್ಪು ಬಳಿದಿದ್ದಾರೆ.

ಕಾಂಕ್ರೀಟ್ ಕೆಲಸ

ತೊಳೆಯುವ ಬಗ್ಗೆ. ಬಿಳಿ ಸಿಮೆಂಟಿನ ಮೈ ರಂಧ್ರಗಳಿಂದ ಕೂಡಿರುತ್ತದೆ. ಮಳೆ ನೀರು ಒಳಗೆ ಕೂರುತ್ತದೆ, ಪಾಚಿ, ಕಲ್ಲುಹೂವು ಬೇರು ಬಿಡುತ್ತವೆ. ಜೋರಾಗಿ ನೀರು ಹೊಡೆದು ತೊಳೆದರೆ ಮೇಲಿನ ತೆಳು ಪದರ ಕಿತ್ತು ಬರುತ್ತದೆ. ಆಗ ಮೈ ಇನ್ನೂ ಒರಟಾಗಿ, ಮುಂದಿನ ಸಲ ಇನ್ನೂ ಬೇಗ ಕಪ್ಪಾಗುತ್ತದೆ. ಆಸಿಡ್ ಹಾಕಿದರೆ ಸಿಮೆಂಟೇ ತಿಂದುಹೋಗುತ್ತದೆ. ಮೇಲೆ ಬಿಳಿ ಬಣ್ಣ ಬಳಿದರೆ ಒಳಗಿನ ತೇವ ಹೊರಗೆ ಬರಲಾರದೆ ಪದರ ಏಳುತ್ತದೆ.

ಮೊದಲು ನೋಡಬೇಕಾದದ್ದು ಒಳಗಿನ ಕಬ್ಬಿಣ. ಅದಕ್ಕೆ ನೀರು ತಾಗಿ ತುಕ್ಕು ಹಿಡಿದರೆ ಉಬ್ಬುತ್ತದೆ, ಆಗ ಬುರ್ರಿ ಇಡದ ಜಾಗದಲ್ಲಿ ಬಿರುಕು ಬರುತ್ತದೆ. ನನ್ನನ್ನು ಕೇಳಿದರೆ, ಆ ಬಿರುಕುಗಳನ್ನು ಮೊದಲು ಮುಚ್ಚಲಿ, ನೀರು ಹರಿದುಹೋಗುವ ದಾರಿ ಸರಿಮಾಡಲಿ. ಕಲ್ಲುಹೂವನ್ನು ಮೆತ್ತಗಿನ ಬ್ರಷ್‌ನಲ್ಲಿ, ಸಣ್ಣ ಸಣ್ಣ ಭಾಗವಾಗಿ ತೆಗೆದು ನೋಡಲಿ. ಪೂರ್ತಿ ಬಿಳಿ ಮಾಡುವ ಆಸೆ ಬೇಡ. ಹಾಗೆ ಮಾಡಿದರೆ ಬೆಳಕು ಸಿಗಬಹುದು, ಆದರೆ ಮೈ ಉಳಿಯುವುದಿಲ್ಲ.